ಅನಂತಮತಿಯಮ್ಮನ ಕೆರೆಗೆ ಬಂದ ನಿಯಮ

ಎಲ್ಲದಕ್ಕೂ ಮೂಲ ಒಂದು ಆಡು. ನಗಬೇಡಿ. ಪಂಚಾಯತಿನಲ್ಲಿ ಇಪ್ಪತ್ತೆಂಟು ವರ್ಷ ಸ್ಯಾನಿಟರಿ ಮೇಸ್ತ್ರಿಯಾಗಿ ಚಾಕರಿ ಮಾಡಿದವನು ನಾನು, ಗುರುವಪ್ಪ. ನಿಯಮಗಳು ಹೇಗೆ ಹುಟ್ಟುತ್ತವೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ನಮ್ಮದು ವಾಮದಪದವಿಗೂ ಮೂಡಬಿದಿರೆಗೂ ನಡುವಿನ ಸಣ್ಣ ಊರು. ೧೯೬೧ರಲ್ಲಿ ಪಂಚಾಯತು ಪ್ರೆಸಿಡೆಂಟರಾಗಿದ್ದವರು ಲೋಕನಾಥ ಶೆಟ್ರು. ಅವರ ಭಾವನಿಗೆ ಬೊಂಬಾಯಿಯಲ್ಲಿ ಹೋಟೆಲು. ಭಾವ ಊರಿನಲ್ಲಿ ಹೊಸ ಮನೆ ಕಟ್ಟಿಸಿ, ಹಿತ್ತಿಲಿನಲ್ಲಿ ಸಿಮೆಂಟಿನ ಈಜುಕೊಳ ಮಾಡಿಸಿದರು. ಒಳಗೆಲ್ಲ ನೀಲಿ ಬಣ್ಣ. ಪಕ್ಕದಲ್ಲಿ ಇನ್ನೊಂದು ಸಣ್ಣ ತೊಟ್ಟಿ, ಅದರ ಅಡಿಯಲ್ಲಿ ಒಲೆ. ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತುಕೊಳ್ಳಲಿಕ್ಕಂತೆ. ನೋಡಲು ಬಂಟ್ವಾಳದಿಂದ ಜನ ಬಸ್ಸು ಹತ್ತಿ ಬಂದರು. ನಾವು ಅದಕ್ಕೆ ಮನುಷ್ಯರನ್ನು ಬೇಯಿಸುವ ಹಂಡೆ ಎಂದು ಹೆಸರಿಟ್ಟೆವು. ಹೀಗಿರುವಾಗ ಒಂದು ಮಧ್ಯಾಹ್ನ, ಬೀಡಿ ಕಟ್ಟುವ ಬೀಯಮ್ಮನ ಗಬ್ಬದ ಆಡು ಆ ನೀಲಿ ಕೊಳಕ್ಕೆ ಬಿತ್ತು. ಮೆಟ್ಟಿಲಿಲ್ಲದ ಕೊಳ, ಹತ್ತಲಾಗದೆ ಸತ್ತಿತು. ಬೀಯಮ್ಮ ಅದನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಬಂದು ಪಂಚಾಯತಿನ ಜಗಲಿಯ ಮೇಲೆ ಮಲಗಿಸಿದಳು.

"ಇವತ್ತು ಆಡು. ನಾಳೆ ನನ್ನ ಮಗಳು ಬಿದ್ದರೆ ಯಾರ ಹತ್ತಿರ ಹೇಳುವುದು ಶೆಟ್ರೇ?" ಎಂದು ಕೇಳಿದಳು.

ಶೆಟ್ರ ಮುಖ ಸಣ್ಣದಾಯಿತು. ಭಾವನೊಬ್ಬನಿಗೇ ನಿಯಮ ಮಾಡಿದರೆ ಮನೆಯಲ್ಲಿ ಜಗಳ, ಮಾಡದಿದ್ದರೆ ಬೀಯಮ್ಮನ ಬಾಯಿ. ಹಾಗಾಗಿ ಇಡೀ ಊರಿಗೇ ನಿಯಮ ಮಾಡಿದರು. ಮನೆ ಹಿತ್ತಿಲಿನಲ್ಲಿ ಕೊಳ, ಕೆರೆ, ತೊಟ್ಟಿ ಏನೇ ಇರಲಿ, ಸುತ್ತ ಮೂರಡಿ ಗೋಡೆ ಇರಬೇಕು. ಬಾಗಿಲಿನ ಚಿಲಕ ಮಕ್ಕಳ ಕೈಗೆ ಎಟುಕಬಾರದು. ತೊಟ್ಟಿಯೊಳಗೆ ಮನುಷ್ಯರು ಕುಳಿತಿರುವಾಗ ಅಡಿಯ ಒಲೆಗೆ ಬೆಂಕಿ ಹಾಕಬಾರದು. ಕೊನೆಗೊಂದು: ಮನೆಯವರಲ್ಲದೆ ಹೊರಗಿನವರೂ ಇಳಿಯುವ ನೀರಿಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ, ಪುಸ್ತಕದಲ್ಲಿ ತಾರೀಕು, ತೂಕ, ರುಜು, ಷರಾ ಬರೆಯತಕ್ಕದ್ದು, ತಪ್ಪಿದರೆ ಹೊರಗಿನವರಿಗೆ ಆ ನೀರನ್ನು ಮುಚ್ಚತಕ್ಕದ್ದು. ಈ ಕೊನೆಯದನ್ನು ಗುಮಾಸ್ತರು ಮದರಾಸು ಕಾಲದ ಯಾವುದೋ ಕಾಗದ ನೋಡಿ ನಕಲು ಮಾಡಿದ್ದರು. ಅದು ಯಾರ ತಲೆಯ ಮೇಲೆ ಬೀಳುತ್ತದೆಂದು ಯಾರೂ ಯೋಚಿಸಲಿಲ್ಲ. ಶೆಟ್ರ ಭಾವ ತಮ್ಮ ಕೊಳದ ಹತ್ತಿರ ಕಾಗೆಯನ್ನೂ ಬಿಡುತ್ತಿರಲಿಲ್ಲ. ಹೊರಗಿನವರನ್ನು ಕರೆದು ನೀರಿಗಿಳಿಸುತ್ತಿದ್ದವರು ಊರಿನಲ್ಲಿ ಒಬ್ಬರೇ, ಅನಂತಮತಿಯಮ್ಮ.

ಬಸದಿಯ ಹಿಂದಿನ ಜೈನರ ಮನೆ ಅವರದು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಐವತ್ತು ದಾಟಿದ ತೆಳ್ಳಗಿನ ಹೆಂಗಸು. ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗಿಡುವವರಲ್ಲ. ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆ ಎರಡು ಮಡಿಕೆ ಮಾಡಿ ಸೋಸುತ್ತಿದ್ದರು. ಅದೇನು ಹೊಸತಲ್ಲ, ಜೈನರ ಮನೆಗಳಲ್ಲಿ ಸೋಸುತ್ತಾರೆ. ಆದರೆ ಸೋಸಿದ ಬಟ್ಟೆಯನ್ನು ಹಿಂಡಿ ಎಸೆಯುವಂತಿಲ್ಲ. ಅದನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಮೇಲಿನಿಂದ ಎರೆದು, ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಬಂದದ್ದು ಬಂದಲ್ಲಿಗೇ ಹೋಗಬೇಕು. ಒಂದು ಸಲ ನೋಡುತ್ತ ನಿಂತವನು ಸುಮ್ಮನಿರಲಾರದೆ, "ಅಮ್ಮ, ಅದರಲ್ಲಿ ಏನೂ ಕಾಣುವುದಿಲ್ಲವಲ್ಲ?" ಎಂದೆ.

"ನಿನಗೆ ಕಾಣದಿದ್ದರೆ ಅದು ಇಲ್ಲ ಅಂತ ಲೆಕ್ಕವಾ ಗುರುವಪ್ಪ?"

ನಾವು ಆಡುತ್ತಿದ್ದದ್ದು ತುಳು. ಬರೆಯುವಾಗ ಕನ್ನಡಕ್ಕೆ ತರುತ್ತಿದ್ದೇನೆ. ಅವರ ಮಾತಿನ ಖಾರ ಇದರಲ್ಲಿ ಅರ್ಧಕ್ಕರ್ಧ ಹೋಗಿದೆ, ಏನು ಮಾಡುವುದು.

ಅವರಿಗೆ ಕಮಲಾವತಿ ಎಂದು ತಂಗಿಯೊಬ್ಬಳಿದ್ದಳಂತೆ. ಹನ್ನೊಂದು ವರ್ಷದ ಹುಡುಗಿ. ಜಡಿಮಳೆಯ ಆಟಿ ತಿಂಗಳ ಒಂದು ದಿನ ಅಕ್ಕತಂಗಿ ಇಬ್ಬರೂ ತುಂಬಿ ಹರಿಯುವ ತೋಡು ದಾಟುವಾಗ, ಅಡ್ಡ ಹಾಕಿದ ಅಡಿಕೆ ಮರದ ಸಂಕದಿಂದ ತಂಗಿಯ ಕಾಲು ಜಾರಿತು. ಅಕ್ಕ ಆಚೆ ದಡ ಮುಟ್ಟಿಯಾಗಿತ್ತು. ಮನೆಯ ಹಿತ್ತಿಲಿನಲ್ಲೇ ಕೆರೆ ಇದ್ದರೂ ಸೋದರಮಾವ ಈಜು ಕಲಿಸಿದ್ದು ಗಂಡುಮಕ್ಕಳಿಗೆ ಮಾತ್ರ. ತಂಗಿಯ ಲಂಗ ಒಮ್ಮೆ ನೀರಿನ ಮೇಲೆ ಉಬ್ಬಿ ಕಂಡದ್ದನ್ನು ಅನಂತಮತಿಯಮ್ಮ ನನಗೆ ಒಂದೇ ಒಂದು ಸಲ ಹೇಳಿದ್ದರು. ಅದಾದ ಮಾರನೆಯ ತಿಂಗಳು ಅವರು ಸೋದರಮಾವನ ಎದುರು ಹಟಹಿಡಿದು ಕುಳಿತು ಈಜು ಕಲಿತರು. ಮುಂದೆ ಮನೆ ತಮ್ಮ ಕೈಗೆ ಬಂದ ಮೇಲೆ ಊರಿನ ಹೆಣ್ಣುಮಕ್ಕಳಿಗೆಲ್ಲ ಕಲಿಸತೊಡಗಿದರು. ಜಾತಿ ಕೇಳಲಿಲ್ಲ. ಆ ಕಾಲಕ್ಕೆ ಅದೇನು ಸಣ್ಣ ವಿಷಯವಲ್ಲ.

ಆದಿತ್ಯವಾರ ಬೆಳಿಗ್ಗೆ ಎಂಟು ಹತ್ತು ಹುಡುಗಿಯರು ಮುರಕಲ್ಲಿನ ಮೆಟ್ಟಿಲಿಳಿದು ಸಾಲಾಗಿ ನಿಲ್ಲುತ್ತಿದ್ದರು. ಹೊಸಬರಿಗೆ ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ ಎರಡು, ನಡುವೆ ಹಗ್ಗ. ಹಗ್ಗದ ಮೇಲೆ ಹೊಟ್ಟೆಯಿಟ್ಟು ಮಲಗಿದರೆ ಎರಡು ಕಡೆಯ ಕಾಯಿಗಳು ತೇಲಿಸುತ್ತವೆ. ಕೈಕಾಲು ಬಡಿಯಲು ಬಂದ ಮೇಲೆ ಒಂದೇ ಕಾಯಿ. ಕೊನೆಗೊಂದು ದಿನ ಕಾಯಿಯೇ ಇಲ್ಲ. ಈ ದಡದಿಂದ ಆ ದಡ. ದಾಟಿದವಳ ಕಾಯಿಯನ್ನು ಮೆಟ್ಟಿಲಿನ ಮೇಲೆ ಒಡೆದು, ಬೆಲ್ಲ ಸೇರಿಸಿ ಎಲ್ಲರಿಗೂ ಹಂಚುವುದು ಆ ಕೆರೆಯ ಪದ್ಧತಿ. ಮಳೆಗಾಲದಲ್ಲಾದರೆ ನಡುಗುತ್ತ ಮೇಲೆ ಬಂದವರಿಗೆ ಬಚ್ಚಲಿನಲ್ಲಿ ದೊಡ್ಡ ತಾಮ್ರದ ಹಂಡೆಯ ಬಿಸಿನೀರು ಕಾದಿರುತ್ತಿತ್ತು. ನನ್ನ ಮಗಳು ಸರಸನೂ ಅಲ್ಲಿಗೇ ಹೋಗುತ್ತಿದ್ದಳು. ಬೀಯಮ್ಮನ ಮಗಳು ಅವ್ವಮ್ಮನೂ.

ನಿಯಮದ ಕಾಗದ ಹಿಡಿದು ನಾನೇ ಹೋದೆ. ಗೋಡೆ, ಬಾಗಿಲು, ಚಿಲಕ ಎಲ್ಲದಕ್ಕೂ ಅವರು ತಲೆಯಾಡಿಸಿದರು. "ಇದು ಮೊದಲೇ ಆಗಬೇಕಿತ್ತು" ಎಂದರು. ಆಮೇಲೆ ನಾನು ಚೀಲದಿಂದ ಪೌಡರಿನ ಡಬ್ಬಿ ತೆಗೆದೆ. ಮುಚ್ಚಳ ತೆರೆದದ್ದೇ ಘಾಟು ಮೂಗಿಗೆ ಹೊಡೆಯಿತು.

"ಇದನ್ನು ಹಾಕಿದರೆ ಏನಾಗ್ತದೆ?"

ನೀರು ಶುದ್ಧವಾಗುತ್ತದೆ ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಹಾಳು ಬಾಯಿ. "ಹುಳ ಸಾಯ್ತದೆ ಅಮ್ಮ" ಎಂದೆ.

"ಯಾವ ಹುಳ?"

"ಕಣ್ಣಿಗೆ ಕಾಣದ್ದು. ರೋಗದ ಹುಳ."

"ರೋಗದ್ದು ಮಾತ್ರವಾ? ಬೇರೆಯದ್ದಕ್ಕೆ ಏನೂ ಆಗುವುದಿಲ್ಲವಾ?"

"ಪೌಡರಿಗೆ ಅದೆಲ್ಲ ಗೊತ್ತಾಗ್ತದಾ ಅಮ್ಮ? ಎಲ್ಲ ಸಾಯ್ತದೆ. ಹುಳ ಅಲ್ಲವಾ, ಸತ್ತರೆ ಸಾಯಲಿ."

ಅವರು ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. "ಹಾಗಾದರೆ ನನ್ನಿಂದ ಆಗುವುದಿಲ್ಲ ಮೇಸ್ತ್ರಿ. ಕೆರೆ ಹೊರಗಿನವರಿಗೆ ಇಲ್ಲ ಅಂತ ಬರೆದುಕೋ." ಗುರುವಪ್ಪ ಹೋಗಿ ಮೇಸ್ತ್ರಿ ಆಗಿದ್ದೆ. ಮುಂದಿನ ಆದಿತ್ಯವಾರ ಹುಡುಗಿಯರು ಬಂದಾಗ ಹೊಸ ಬಾಗಿಲಿಗೆ ಬೀಗ ಬಿದ್ದಿತ್ತು. ಅವರು ಕಿಟಕಿಯಿಂದ ನೋಡುತ್ತಿದ್ದರಂತೆ, ಹೊರಗೆ ಬರಲಿಲ್ಲವಂತೆ.

ಸರಸ ಆಗ ಒಂದು ಕಾಯಿಯವರೆಗೆ ಬಂದಿದ್ದಳು. ಮನೆಯಲ್ಲಿ ಅತ್ತಳು. ಶಾಲೆಗೆ ಹೋಗುವ ದಾರಿಯಲ್ಲಿ ಅವಳೂ ಅದೇ ತೋಡನ್ನು, ಅಂಥದೇ ಸಂಕದಲ್ಲಿ ದಾಟಬೇಕು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು: ಶೆಟ್ರ ಮೇಲೆ, ಸತ್ತ ಆಡಿನ ಮೇಲೆ, ಕಾಣದ ಹುಳಗಳ ಮೇಲೆ. ಎರಡು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಬುದ್ಧಿವಂತನಾದೆ. ಅನಂತಮತಿಯಮ್ಮನ ಮನೆಗೆ ಹೋಗಿ, "ಅಮ್ಮ, ಮೇಲಿನಿಂದ ಬೇರೆ ಕಾಗದ ಬಂತು. ಒರತೆ ಇರುವ ಕೆರೆಗೆ ಪೌಡರ್ ಬೇಡವಂತೆ" ಎಂದು ಹೇಳಿದೆ. ಅವರು ನಂಬಿದರು. ನನ್ನನ್ನು ನಂಬದಿರಲು ಅವರಿಗೆ ಕಾರಣವಿರಲಿಲ್ಲ. ಬೀಗ ತೆಗೆಯುವಾಗ ಅವರ ಕೈ ಅವಸರ ಮಾಡುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಪುಸ್ತಕ ಪಂಚಾಯತಿನಲ್ಲಿತ್ತು, ರುಜು ನನ್ನದು. ಪ್ರತಿ ಶನಿವಾರ "ಹಾಕಲಾಗಿದೆ" ಎಂದು ಬರೆದೆ. ಆ ವಾರದ ಪೌಡರನ್ನು ಪಂಚಾಯತಿನ ಹಿಂದಿನ ಚರಂಡಿಗೆ ಸುರಿದೆ. ಜಿಲ್ಲೆಯಲ್ಲೇ ಅಷ್ಟು ಶುದ್ಧವಾದ ಚರಂಡಿ ಇನ್ನೊಂದಿರಲಿಲ್ಲ. ಅಮ್ಮನ ವ್ರತವೂ ಉಳಿಯಿತು, ಮಕ್ಕಳ ಈಜೂ ಉಳಿಯಿತು, ನಿಯಮದ ಹೊಟ್ಟೆಯೂ ತುಂಬಿತು ಎಂದು ನಾನು ಒಳಗೊಳಗೇ ಬೀಗಿದೆ.

ಏಪ್ರಿಲ್ ಬಂತು. ಒರತೆ ಸಣ್ಣದಾಯಿತು, ಕೆರೆಯ ನೀರು ಆರು ಮೆಟ್ಟಿಲು ಕೆಳಗಿಳಿದು ಹಸಿರಾಯಿತು. ತಿಂಗಳ ಕೊನೆಗೆ ನಾಲ್ಕು ಹುಡುಗಿಯರಿಗೆ ಜ್ವರ ಹಿಡಿಯಿತು. ಬಿಡದ ಜ್ವರ. ಮೂಡಬಿದಿರೆಯ ಡಾಕ್ಟರು ಟೈಫಾಯ್ಡ್ ಎಂದರು. ನಾಲ್ವರಲ್ಲಿ ಒಬ್ಬಳು ಅವ್ವಮ್ಮ, ಒಬ್ಬಳು ನನ್ನ ಸರಸ. ಚಾಪೆಯ ಮೇಲೆ ಬಿದ್ದುಕೊಂಡು ಅವಳು ಬಡಬಡಿಸುವಾಗ ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತಿರುತ್ತಿದ್ದೆ. "ನೀರಿನಿಂದ ಬರುವ ಕಾಯಿಲೆ. ಎಲ್ಲಿಯ ನೀರು ಅಂತ ನಾನು ಹೇಳಲಾರೆ" ಎಂದರು ಡಾಕ್ಟರು.

ಹೇಳಲಿಕ್ಕೆ ತಾಲೂಕಿನಿಂದ ಹೆಲ್ತ್ ಇನ್‌ಸ್ಪೆಕ್ಟರು ಬಂದರು. ನಾಲ್ವರೂ ಈಜುವ ಕೆರೆಯ ಪುಸ್ತಕ ತರಿಸಿದರು. ಒಂದೊಂದೇ ಶನಿವಾರದ ಮೇಲೆ ಬೆರಳಿಟ್ಟು ನೋಡಿ, "ಭೇಷ್ ಮೇಸ್ತ್ರಿ, ಒಂದು ವಾರವೂ ತಪ್ಪಿಸಿಲ್ಲ" ಎಂದರು. ಕೆರೆ ಅಲ್ಲವೆಂದಾದರೆ ಮತ್ತೆಲ್ಲಿ? ಹುಡುಗಿಯರು ಈಜಿ ಮರಳುವಾಗ ಬೀಯಮ್ಮನ ಬಾವಿಯಲ್ಲಿ ನೀರು ಕುಡಿಯುತ್ತಾರೆ ಎಂದು ಯಾರೋ ಹೇಳಿದರು. ಅಷ್ಟು ಸಾಕಾಯಿತು. ಬಾವಿ ಮುಚ್ಚಲು ಆರ್ಡರಾಯಿತು. ಹಲಗೆ ಹೊಡೆಯುವ ಕೆಲಸ ನನ್ನದು. ಒಳಗೆ ಅವ್ವಮ್ಮ ಜ್ವರದಲ್ಲಿ ಮಲಗಿದ್ದಳು. ಬೀಯಮ್ಮ ಬೀಡಿಯ ಮೊರ ಬದಿಗಿಟ್ಟು ಬಾಗಿಲಲ್ಲಿ ನಿಂತಳು. ಆಡಿಗಾಗಿ ಊರೆಲ್ಲ ಕೇಳುವ ಹಾಗೆ ಮಾತಾಡಿದವಳು ಅವತ್ತು ದನಿಯನ್ನೇ ಎತ್ತಲಿಲ್ಲ.

"ಮೇಸ್ತ್ರಿ, ಮೂವತ್ತು ವರ್ಷದಿಂದ ನಾನು ಇದೇ ನೀರು ಕುಡಿದದ್ದು. ನನ್ನ ಮಗಳಿಗೆ ನಾನೇ ವಿಷ ಕೊಟ್ಟೆನಾ?"

ಕೊನೆಯ ಮೊಳೆ ಹೊಡೆಯಲು ನನ್ನಿಂದಾಗಲಿಲ್ಲ. ಸುತ್ತಿಗೆಯನ್ನು ಅಲ್ಲಿಯೇ ಬಿಟ್ಟು ನಡುಮಧ್ಯಾಹ್ನದ ಬಿಸಿಲಿನಲ್ಲಿ ನೇರ ಅನಂತಮತಿಯಮ್ಮನ ಮನೆಗೆ ಹೋದೆ. ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು, "ಸರಸ ಹೇಗಿದ್ದಾಳೆ?"

"ಮಾತ್ರೆ ನಡೆಯುತ್ತಾ ಉಂಟು ಅಮ್ಮ."

"ಎಷ್ಟು ವಾರ ಸುಳ್ಳು ಬರೆದೆ?"

"ಇಪ್ಪತ್ತೊಂದು."

ಆಮೇಲೆ, "ನನಗೆ ಪಾಪ ತಟ್ಟಬಾರದು ಅಂತ ಮಾಡಿದ್ದಾ?" ಎಂದರು.

"ಹೌದಮ್ಮ. ಸರಸ ಕಲಿಯಲಿ ಅಂತಲೂ."

"ನನ್ನ ವ್ರತ ಕಾಯಲಿಕ್ಕೆ ನಿನಗೆ ಹೇಳಿದವರು ಯಾರು? ಅದರ ಭಾರ ನಾನು ಹೊರಬೇಕಿತ್ತು. ನೀನು ತೆಗೆದುಕೊಂಡು ಹೋಗಿ ಆ ಮಕ್ಕಳ ತಲೆಯ ಮೇಲೆ ಇಟ್ಟೆಯಲ್ಲ." ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಜಗಲಿಯ ಕಂಬ ಹಿಡಿದು ಅತ್ತೆ. ನಲವತ್ತು ವರ್ಷದ ಗಂಡಸು, ಹೇಳಲು ನಾಚಿಕೆಯೇನೂ ಇಲ್ಲ.

ಅವರು ಸೆರಗು ಹೊದ್ದು ನನ್ನ ಜೊತೆಗೇ ಪಂಚಾಯತಿಗೆ ಬಂದರು. ಆ ಮೆಟ್ಟಿಲು ಅವರು ಹತ್ತಿದ್ದು ಅದೇ ಮೊದಲು. ಇಪ್ಪತ್ತೊಂದು ಕಡೆಯೂ ನನ್ನ ಕೈಯಿಂದ "ಸುಳ್ಳು" ಎಂದು ಬರೆಸಿ ಪಕ್ಕದಲ್ಲಿ ರುಜು ಹಾಕಿಸಿದರು. ಶೆಟ್ರು ನನ್ನನ್ನು ಒಂದು ತಿಂಗಳು ಸಸ್ಪೆಂಡ್ ಮಾಡಿದರು. ಕೆಲಸವೇ ಹೋಗಬೇಕಿತ್ತು, ಅಮ್ಮ ಒಂದು ಮಾತು ಹೇಳಿದ್ದರಿಂದ ಉಳಿಯಿತು. ಸಂಜೆಗೆ ಬೀಯಮ್ಮನ ಬಾವಿಯ ಹಲಗೆ ಕಿತ್ತೆವು. ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತು, "ತಪ್ಪು ನಮ್ಮದು ಬೀಯಮ್ಮ" ಎಂದರು. ಬೀಯಮ್ಮ ಅವರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಮಗಳನ್ನು ತೋರಿಸಿದಳು. ಜ್ವರ ಕೆರೆಯಿಂದಲೇ ಬಂತೋ, ಬೇರೆ ಎಲ್ಲಿಂದಲೋ, ಕೊನೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕು ಹುಡುಗಿಯರೂ ಬದುಕಿದರು. ದೇವರು ದೊಡ್ಡವನು ಎಂದು ನಾನು ನಿಜವಾಗಿ ಹೇಳಿದ್ದು ಆ ಒಂದೇ ಸಲ.

ಇನ್ನು ಕೆರೆಗೆ ಶಾಶ್ವತ ಬೀಗ ಎಂದು ನಾನು ತಿಳಿದಿದ್ದೆ. ಮಳೆ ಹಿಡಿದು ನೀರು ಏರಿದ ಮೇಲೆ ಒಂದು ಶುಕ್ರವಾರ ಅಮ್ಮ ಹೇಳಿಕಳಿಸಿದರು. ಹೋದರೆ, ಕೆರೆಯ ಮೆಟ್ಟಿಲಿನ ಮೇಲೆ ಸೋಸುವ ಬಟ್ಟೆ ಇತ್ತು. ಬಾವಿಯದ್ದಲ್ಲ, ಎರಡು ಪಂಚೆ ಸೇರಿಸಿ ಹೊಲಿದ ಅಗಲದ ಬಟ್ಟೆ. ಪಕ್ಕದಲ್ಲಿ ನಾಲ್ಕು ತಾಮ್ರದ ಕೊಡ.

"ಇನ್ನೊಂದು ತುದಿ ಹಿಡಿ" ಎಂದರು.

"ಏನು ಮಾಡುವುದು ಅಮ್ಮ?"

"ನಾಳೆ ಪೌಡರ್ ಹಾಕುವುದು. ಅದಕ್ಕೆ ಮುಂಚೆ ಸಿಕ್ಕಿದವರನ್ನು ತೋಡಿಗೆ ದಾಟಿಸುವ."

"ಅಮ್ಮ, ಮುಚ್ಚಿಬಿಟ್ಟರೆ ಆಯಿತಲ್ಲ? ನಿಮ್ಮ ವ್ರತ..." ಎಂದು ತೊದಲಿದೆ.

"ಮುಚ್ಚಿದರೆ ನನಗೆ ಸುಖ ಗುರುವಪ್ಪ. ಕಮಲ ಬಿದ್ದ ದಿನ ನಾನು ದಡದಲ್ಲಿ ನಿಂತಿದ್ದೆ. ಅವತ್ತೂ ನಾನು ಯಾರನ್ನೂ ಕೊಂದಿರಲಿಲ್ಲ."

ಸೊಂಟದವರೆಗೆ ನೀರಿಗಿಳಿದು, ನಾವಿಬ್ಬರೂ ಆ ಬಟ್ಟೆಯನ್ನು ದಡದಿಂದ ದಡಕ್ಕೆ ಎಳೆದೆವು. ಮೀನಿನ ಮರಿ, ಗೊದಮೊಟ್ಟೆ, ನೀರಜೇಡ, ಹೆಸರೇ ಗೊತ್ತಿಲ್ಲದ ಇನ್ನೇನೇನೋ. ಕೊಡಕ್ಕೆ ಇಳಿಸಿ, ಹೊತ್ತುಕೊಂಡು ಹೋಗಿ, ಗದ್ದೆಯಾಚೆಯ ತೋಡಿಗೆ ಬಿಟ್ಟು ಬಂದೆವು. ಹನ್ನೊಂದು ಸಲ ನಡೆದೆ. ಕಾಣದ್ದು ಎಷ್ಟು ಉಳಿಯಿತೋ ಅದು ಉಳಿಯಿತು, ಅವರಿಗೂ ಗೊತ್ತಿತ್ತು. ಮಾರನೆಯ ದಿನ ಶನಿವಾರ ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಪೌಡರನ್ನು ನೀರಿನಲ್ಲಿ ಕಲಸಿ, ಕೆರೆಯ ನಾಲ್ಕು ಮೂಲೆಗೂ ಎರೆದರು. ಆ ದಿನ ಅನ್ನವಿಲ್ಲ, ನೀರೂ ಇಲ್ಲ. ಇನ್ನು ಮುಂದೆ ಪುಸ್ತಕ ತಮ್ಮ ಮನೆಯಲ್ಲೇ ಇರಲಿ ಎಂದು ಕೇಳಿ ಇಟ್ಟುಕೊಂಡರು.

ಹೀಗೆ ಪ್ರತಿ ವಾರ, ಏಳು ವರ್ಷ. ಶುಕ್ರವಾರ ಬಟ್ಟೆ, ಶನಿವಾರ ಪೌಡರು ಮತ್ತು ಉಪವಾಸ, ಆದಿತ್ಯವಾರ ಹುಡುಗಿಯರು. ಶುಕ್ರವಾರ ನಾನು ತಪ್ಪಿಸಿದರೆ ಹೇಳಿಕಳಿಸುತ್ತಿದ್ದರು. ಬಟ್ಟೆಯ ಆ ತುದಿ ನನ್ನ ಶಿಕ್ಷೆ ಎಂದು ಮೊದಲು ಗೊಣಗುತ್ತಿದ್ದೆ, ಆಮೇಲೆ ಗೊಣಗಲು ಮರೆತೆ. ಆ ವರ್ಷದ ದೀಪಾವಳಿಯ ನಂತರ ಸರಸ ಕಾಯಿಯಿಲ್ಲದೆ ಕೆರೆ ದಾಟಿದಳು. ಅವಳ ಕಾಯಿ ಒಡೆದಾಗ ಅಮ್ಮ ನನಗೂ ಒಂದು ಚೂರು ಕೊಟ್ಟರು. ಅಂಥ ರುಚಿಯ ಕಾಯಿ ನಾನು ತಿಂದಿಲ್ಲ.

ಒಂದು ವಿಷಯ ಹೇಳಲು ಬಿಟ್ಟೆ. ೧೯೬೫ರಲ್ಲಿ ಹೊಸ ಇನ್‌ಸ್ಪೆಕ್ಟರೊಬ್ಬರು ಪುಸ್ತಕ ನೋಡಲು ಬಂದರು. ತಾರೀಕು, ತೂಕ, ರುಜು ಎಲ್ಲ ಸರಿಯಾಗಿತ್ತು. ಷರಾ, ಅಂದರೆ ಟಿಪ್ಪಣಿ ಬರೆಯುವ ಕಾಲಂ ನೋಡಿ ಅವರ ಹುಬ್ಬು ಗಂಟಿಕ್ಕಿತು. ಯಾವ ಮೇಸ್ತ್ರಿಯೂ ಆ ಕಾಲಂ ತುಂಬುವುದಿಲ್ಲ, ಒಂದು ಗೀಟು ಎಳೆದು ಬಿಡುತ್ತೇವೆ. ಇಲ್ಲಿ ಪ್ರತಿ ಶನಿವಾರದ ಎದುರೂ ದುಂಡಗಿನ ಅಕ್ಷರದಲ್ಲಿ "ಕ್ಷಮೆ ಇರಲಿ" ಎಂದಿತ್ತು. ಪುಟ ತಿರುಗಿಸಿದಂತೆ ಅದೇ.

"ಏನ್ರೀ ಇದು? ಈ ಅಮ್ಮ ಪಂಚಾಯತಿಗೆ ವಾರ ವಾರ ಕ್ಷಮೆ ಯಾಕೆ ಕೇಳುವುದು?"

"ಪಂಚಾಯತಿಗೆ ಅಲ್ಲ ಸ್ವಾಮಿ" ಎಂದೆ. "ಕೆರೆಗೆ."

ಅವರು ನನ್ನ ಮುಖ ನೋಡಿದರು, ಪುಸ್ತಕ ಮುಚ್ಚಿದರು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಅನಂತಮತಿಯಮ್ಮ ೧೯೬೯ರ ಮಳೆಗಾಲದಲ್ಲಿ, ಒಂದು ಮಂಗಳವಾರ ತೀರಿಕೊಂಡರು. ಕೆರೆಯ ಬಾಗಿಲು ಹುಡುಗಿಯರಿಗೆ ಮುಚ್ಚಬಾರದು ಎಂದು ಕೊನೆಗಾಲಕ್ಕೆ ಜೊತೆಗಿದ್ದ ತಮ್ಮನ ಮಗಳು ಶಶಿಪ್ರಭಾಳಿಗೆ ಹೇಳಿ ಹೋಗಿದ್ದರು. ಆ ಶುಕ್ರವಾರ ಬಟ್ಟೆಯ ಒಂದು ತುದಿಯನ್ನು ನಾನು ಹಿಡಿದೆ, ಇನ್ನೊಂದನ್ನು ಸರಸ. ಶನಿವಾರ ಶಶಿಪ್ರಭಾ ಡಬ್ಬಿ ಮುಟ್ಟಲಾರದೆ ಅತ್ತಳು, ಪೌಡರನ್ನು ನಾನೇ ಎರೆದೆ. ಮೆಟ್ಟಿಲಿನ ಮೇಲೆ ಕುಳಿತು ಪುಸ್ತಕ ಬಿಡಿಸಿದೆ. ತಾರೀಕು ಬರೆದೆ, ತೂಕ ಬರೆದೆ, ರುಜು ಹಾಕಿದೆ. ಷರಾ ಕಾಲಂಗೆ ಬಂದಾಗ ಅಭ್ಯಾಸಬಲದಿಂದ ಗೀಟೆಳೆಯಲು ಪೆನ್ನು ಇಟ್ಟವನು ನಿಲ್ಲಿಸಿದೆ. ಹುಳ ಅಲ್ಲವಾ, ಸತ್ತರೆ ಸಾಯಲಿ ಎಂದು ಇದೇ ಮನೆಯ ಜಗಲಿಯಲ್ಲಿ ಅಂದವನು ನಾನು. ಬೆಳಗಿನಿಂದ ನನ್ನ ಗಂಟಲಿನಲ್ಲಿ ಒಂದು ಗುಟುಕು ನೀರು ಇಳಿದಿರಲಿಲ್ಲ.

ಮೇಲಿನ ಸಾಲಿನ ಅಕ್ಷರ ನೋಡಿಕೊಂಡು, ಅದೇ ಎರಡು ಮಾತು ಬರೆದೆ.